ಹುಟ್ಟದ ಕಥೆಯೂ ಕಾಯುವವರ ಧರ್ಮವೂ

ಕಥೆ ಹೇಳುವವನು ಎಲ್ಲಿ ನಿಲ್ಲಿಸುವನೋ ಅಲ್ಲಿಯೇ ಕೇಳುವವನ ಮನಸ್ಸೂ ನಿಲ್ಲಬೇಕೆಂಬ ನಿಯಮವಿಲ್ಲ. ಮಗುವು ಅಜ್ಜಿಯನ್ನು ‘ಆಮೇಲೆ?’ ಎಂದು ಕೇಳುವುದು ಕಥೆ ತಿಳಿಯದುದರಿಂದಲ್ಲ, ಅದು ಮನಸ್ಸನ್ನು ಹಿಡಿದುದರಿಂದ. ದೊಡ್ಡವರಲ್ಲಿ ಈ ಪ್ರಶ್ನೆ ಅಡಗುವುದಿಲ್ಲ. ರೂಪವನ್ನು ಮಾತ್ರ ಬದಲಾಯಿಸುತ್ತದೆ. ಮೆಚ್ಚಿದ ಕಥೆಗೆ ಮುಂದಿನ ಭಾಗ ಬರುವುದೆಂಬ ಸುದ್ದಿ ಹಬ್ಬಿ, ಅದು ವರ್ಷಗಟ್ಟಲೆ ಬಾರದೆ ಹೋದಾಗ, ಕಾಯುವವರು ಸುಮ್ಮನಿರುವುದಿಲ್ಲ. ಕಥೆ ಹೀಗಂತೆ, ಹಾಗಂತೆ ಎಂಬ ಗಾಳಿಮಾತುಗಳನ್ನು ಕೂಡಿಸಿ, ಒಂದನ್ನು ಮೆಚ್ಚಿ ಮತ್ತೊಂದನ್ನು ತಿರಸ್ಕರಿಸಿ, ಇನ್ನೂ ಹುಟ್ಟದ ಕೃತಿಗೆ ಜಾತಕವನ್ನು ಬರೆಯುತ್ತಾರೆ. ಇದು ಹೊತ್ತು ಕಳೆಯುವ ಹರಟೆ ಮಾತ್ರವೆ? ಅಥವಾ ಇದರೊಳಗೆ ವಿಚಾರಕ್ಕೆ ತಕ್ಕ ತತ್ತ್ವವೇನಾದರೂ ಉಂಟೆ? ಕಥೆಯನ್ನು ಪ್ರೀತಿಸಿದವನಿಗೆ ಅದರ ಮುಂದಿನ ಗತಿಯ ಮೇಲೆ ಹಕ್ಕುಂಟೆ? ಉಂಟಾದರೆ ಆ ಹಕ್ಕಿನ ಮೇರೆ ಯಾವುದು?

ಈ ಪ್ರಶ್ನೆಗಳಿಗೆ ಚಲಚ್ಚಿತ್ರಪ್ರಪಂಚದಲ್ಲಿ ಒಂದು ಸ್ಪಷ್ಟವಾದ ನಿದರ್ಶನವಿದೆ. ಅಮೆರಿಕದ ಜಾರ್ಜ್ ಲೂಕಾಸ್ ಅವರು ಕಲ್ಪಿಸಿ, ಸ್ಟೀವನ್ ಸ್ಪೀಲ್‌ಬರ್ಗ್ ಅವರು ನಿರ್ದೇಶಿಸಿದ ಇಂಡಿಯಾನಾ ಜೋನ್ಸನ ಸಾಹಸಚಿತ್ರಗಳೇ ಅದು. ಜೋನ್ಸನು ಪ್ರಾಕ್ತನಶಾಸ್ತ್ರದ ಅಧ್ಯಾಪಕ; ತಲೆಯ ಮೇಲೆ ಹಳೆಯ ಟೋಪಿ, ಸೊಂಟದಲ್ಲಿ ಚಾವಟಿ; ಎಂಥ ಶತ್ರುವಿಗೂ ಅಂಜದವನಿಗೆ ಹಾವನ್ನು ಕಂಡರೆ ನಡುಕ. ೧೯೮೧ರಲ್ಲಿ ಬಂದ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಎಂಬ ಚಿತ್ರದಲ್ಲಿ ಅವನು ಯೆಹೂದ್ಯರ ಪವಿತ್ರ ಮಂಜೂಷವನ್ನು ಅರಸುತ್ತಾನೆ, ೧೯೮೪ರ ‘ಟೆಂಪಲ್ ಆಫ್ ಡೂಮ್’ನಲ್ಲಿ ಭಾರತದ ಒಂದು ಬಡಹಳ್ಳಿಯ ದಿವ್ಯಶಿಲೆಯನ್ನು, ೧೯೮೯ರ ‘ಲಾಸ್ಟ್ ಕ್ರುಸೇಡ್’ನಲ್ಲಿ ಕ್ರಿಸ್ತನ ಪಾನಪಾತ್ರೆಯನ್ನು. ಹ್ಯಾರಿಸನ್ ಫೋರ್ಡ್ ಎಂಬ ನಟರು ಆ ಪಾತ್ರಕ್ಕೆ ತಮ್ಮ ಮುಖವನ್ನೇ ಕೊಟ್ಟರು. ಮೂರನೆಯ ಚಿತ್ರವು ಮುಳುಗುವ ಸೂರ್ಯನ ಕಡೆಗೆ ಕುದುರೆಯೇರಿ ಹೋಗುವ ನಾಲ್ವರ ನೋಟದಿಂದ ಮುಗಿಯುತ್ತದೆ. ಕಥೆಗೆ ಇದಕ್ಕಿಂತ ಒಳ್ಳೆಯ ಮಂಗಳ ಬೇಕಾಗಿರಲಿಲ್ಲ. ಆದರೆ ನಾಲ್ಕನೆಯ ಚಿತ್ರ ಬರುವುದೆಂಬ ಮಾತು ಹುಟ್ಟಿತು. ಹುಟ್ಟಿದ ಮಾತು ನಿಜವಾಗುವುದಕ್ಕೆ ೧೯ ವರ್ಷಗಳು ಹಿಡಿದುವು. ೨೦೦೮ರ ಮೇ ತಿಂಗಳಿನಲ್ಲಿ ‘ಕಿಂಗ್‌ಡಮ್ ಆಫ್ ದಿ ಕ್ರಿಸ್ಟಲ್ ಸ್ಕಲ್’ ಬೆಳ್ಳಿತೆರೆಯ ಮೇಲೆ ಬಂದಿತು.

ಆ ೧೯ ವರ್ಷಗಳ ನಿರೀಕ್ಷೆಯು ಒಂದು ಚಿಕ್ಕ ಪುರಾಣವೇ ಸರಿ. ನಾಯಕನು ಈ ಸಾರಿ ಏನನ್ನು ಹುಡುಕುವನು? ಸಮುದ್ರದಲ್ಲಿ ಮುಳುಗಿದ ಅಟ್ಲಾಂಟಿಸ್ ಎಂದರು ಕೆಲವರು. ೧೯೯೨ರಲ್ಲಿ ಆ ವಸ್ತುವನ್ನೇ ಹಿಡಿದು ಲೂಕಾಸ್ ಅವರ ಸಂಸ್ಥೆಯಿಂದ ಬಂದ ಗಣಕಯಂತ್ರದ ಆಟವೊಂದು ಅವರ ಆಸೆಗೆ ನೀರೆರೆಯಿತು. ನೋಹನ ನಾವೆ ಎಂದರು ಬೇರೆ ಕೆಲವರು. ಅಭಿಮಾನಿಯೊಬ್ಬನು ತಾನೇ ಬರೆದ ಚಿತ್ರಕಥೆಯು ನಿಜವಾದುದೆಂಬ ಹೆಸರಿನಿಂದ ಕೈಯಿಂದ ಕೈಗೆ ತಿರುಗಿದುದೂ ಉಂಟು. ಇತ್ತ ಲೂಕಾಸ್ ಅವರ ಮನಸ್ಸಿನಲ್ಲಿದ್ದುದು ಇವೊಂದೂ ಅಲ್ಲ. ಅನ್ಯಲೋಕದಿಂದ ಬಂದ ಜೀವಿಗಳ ಕಥೆ. ಜೆಬ್ ಸ್ಟೂಅರ್ಟ್ ಅವರು ೧೯೯೦ರ ದಶಕದಲ್ಲಿ ಹಾರುವ ತಟ್ಟೆಗಳ ಮೇಲೆ ಒಂದು ಕಥೆಯನ್ನು ಬರೆದುಕೊಟ್ಟರು. ೧೯೯೬ರಲ್ಲಿ ‘ಇಂಡಿಪೆಂಡೆನ್ಸ್ ಡೇ’ ಎಂಬ ಬೇರೊಂದು ಚಿತ್ರ ಬಂದು, ಅಂತಹುದೇ ವಸ್ತುವಿನಿಂದ ಜಗತ್ತನ್ನು ಗೆದ್ದುಬಿಟ್ಟಿತು. ಸ್ಪೀಲ್‌ಬರ್ಗ್ ಅವರ ಮನಸ್ಸು ಹಿಂದೆಗೆಯಿತು. ಮತ್ತೆ ಫ್ರಾಂಕ್ ಡ್ಯಾರಬಾಂಟ್ ಅವರು ಬರೆದರು. ನಿರ್ದೇಶಕರು ಮೆಚ್ಚಿದರು, ಲೂಕಾಸ್ ಅವರು ಒಪ್ಪಲಿಲ್ಲ. ಜೆಫ್ ನೇಥನ್‌ಸನ್ ಅವರ ಕೈಯನ್ನು ಹಾದು, ಕೊನೆಗೆ ಡೇವಿಡ್ ಕೆಪ್ ಅವರು ಬರೆದುದು ಚಿತ್ರವಾಯಿತು. ಒಳಗೆ ಹೀಗೆ ಬರೆಯುವುದೂ ಅಳಿಸುವುದೂ ನಡೆಯುತ್ತಿರುವಾಗ, ಹೊರಗೆ ಪ್ರತಿಯೊಂದು ತುಣುಕು ಸುದ್ದಿಯ ಮೇಲೂ ವಾದಪ್ರತಿವಾದಗಳು ನಡೆಯುತ್ತಿದ್ದುವು.

ಇದನ್ನು ಕೇಳಿದ ಒಬ್ಬ ಗಂಭೀರ ಮನುಷ್ಯನು, ‘ಕಾಣದ ಕೂಸಿಗೆ ಹೆಸರಿಡುವ ಈ ಜಗಳದಿಂದ ಏನು ಪ್ರಯೋಜನ? ಇಲ್ಲದ ಪ್ರಾಣಿಯ ಬಣ್ಣವನ್ನು ಕುರಿತು ಹೊಡೆದಾಡುವುದು ಬುದ್ಧಿವಂತರ ಲಕ್ಷಣವಲ್ಲ’ ಎನ್ನಬಹುದು. ಈ ಆಕ್ಷೇಪಣೆ ಮೇಲುನೋಟಕ್ಕೆ ಸರಿಯಾಗಿ ತೋರುತ್ತದೆ. ಆದರೆ ಆ ವಾದಗಳ ಒಳಗನ್ನು ನೋಡಿದರೆ ಬೇರೆಯೇ ಒಂದು ಅಂಶ ಕಾಣಿಸುತ್ತದೆ. ಉದಾಹರಣೆಗೆ ಅನ್ಯಲೋಕದ ಜೀವಿಗಳ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು.

‘ಜೋನ್ಸನ ಕಥೆಯಲ್ಲಿ ಆಕಾಶದಿಂದ ಇಳಿಯುವವರಿಗೆ ಎಡೆಯಿಲ್ಲ’ ಎಂದು ಒಂದು ಪಕ್ಷ ಹೇಳಿತು. ‘ಮಂಜೂಷವನ್ನು ತೆರೆದೊಡನೆ ಶತ್ರುಗಳ ಮುಖಗಳು ಮೇಣದಂತೆ ಕರಗಿದಾಗ ಒಪ್ಪಿದವರು, ಪಾನಪಾತ್ರೆಯ ನೀರಿನಿಂದ ಗುಂಡೇಟಿನ ಗಾಯ ಮಾಯ್ದಾಗ ಒಪ್ಪಿದವರು, ಇದನ್ನು ಮಾತ್ರ ಅಸಂಭವವೆನ್ನುವುದು ಹೇಗೆ?’ ಎಂದು ಮತ್ತೊಂದು ಪಕ್ಷ ಕೇಳಿತು. ಅದಕ್ಕೆ ಮೊದಲನೆಯವರ ಉತ್ತರವು ವಿಚಾರಯೋಗ್ಯವಾದುದು. ಸಂಭವಾಸಂಭವವಲ್ಲ ಇಲ್ಲಿಯ ಪ್ರಶ್ನೆ. ಈ ನಾಯಕನ ಕ್ಷೇತ್ರ ನೆಲದಡಿಯದು. ಮನುಷ್ಯನು ನಂಬಿ, ಪೂಜಿಸಿ, ಹೂತಿಟ್ಟು, ಮರೆತುದನ್ನು ಅವನು ಅಗೆಯುತ್ತಾನೆ. ಅಲ್ಲಿ ನಡೆಯುವ ಪವಾಡವು ಸಾವಿರಾರು ವರ್ಷಗಳ ಶ್ರದ್ಧೆಯ ಪವಾಡ. ಯಾರೂ ಪೂಜಿಸದ ಯಂತ್ರವೊಂದು ಆಕಾಶಕ್ಕೆ ಹಾರಿದರೆ ಅದು ಆಶ್ಚರ್ಯವಾಗಬಹುದು, ಅದ್ಭುತವಾಗಲಾರದು. ಎದುರುಪಕ್ಷವೂ ಬರಿಗೈಯಲ್ಲಿ ಇರಲಿಲ್ಲ. ಮೊದಲ ಮೂರು ಕಥೆಗಳು ನಡೆಯುವುದು ೧೯೩೫ರಿಂದ ೧೯೩೮ರವರೆಗಿನ ಕಾಲದಲ್ಲಿ. ಅಂದಿನ ಸಾಹಸಧಾರಾವಾಹಿ ಚಿತ್ರಗಳ ಧಾಟಿಯಲ್ಲಿಯೇ ಅವನ್ನು ಕಟ್ಟಲಾಗಿತ್ತು. ನಟನಿಗೆ ವಯಸ್ಸಾದುದರಿಂದ ಹೊಸ ಕಥೆಯನ್ನು ೧೯೫೭ಕ್ಕೆ ಒಯ್ಯಬೇಕಾಯಿತು. ಆ ಕಾಲದ ಅಗ್ಗದ ಚಿತ್ರಗಳಲ್ಲಿ ತುಂಬಿದ್ದುದು ಅಣುಬಾಂಬಿನ ಭಯ, ರಷ್ಯದ ಗೂಢಚಾರರ ಭಯ, ಹಾರುವ ತಟ್ಟೆಗಳ ಭಯ. ಕಾಲ ಬದಲಾದರೆ ಕಾಲದ ಕಟ್ಟುಕಥೆಯೂ ಬದಲಾಗಬೇಕಲ್ಲವೆ? ಇದೇ ಲೂಕಾಸ್ ಅವರ ವಾದ.

ಈ ವಾದಪ್ರತಿವಾದಗಳಿಗೆ ಭಾರತದ ಅಲಂಕಾರಶಾಸ್ತ್ರದಲ್ಲಿ ಒಂದು ಹೆಸರುಂಟು, ಅದು ಔಚಿತ್ಯವಿಚಾರ. ರಸಭಂಗಕ್ಕೆ ಅನೌಚಿತ್ಯವಲ್ಲದೆ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ಮತ. ಕ್ಷೇಮೇಂದ್ರನು ಆ ಒಂದು ತತ್ತ್ವವನ್ನೇ ಹಿಡಿದು ಗ್ರಂಥವನ್ನು ಬರೆದನು. ಯಾವ ಪಾತ್ರಕ್ಕೆ ಯಾವ ಕಾರ್ಯ ಒಪ್ಪುವುದು, ಯಾವ ಲೋಕಕ್ಕೆ ಯಾವ ಅದ್ಭುತ ಹೊಂದುವುದು ಎಂಬ ವಿಚಾರವನ್ನು ಆ ಹಿರಿಯರ ಹೆಸರನ್ನೇ ಕೇಳದ ಜನ, ತಾವು ಪ್ರೀತಿಸಿದ ಒಂದು ಕಥೆಯ ನಿಮಿತ್ತದಿಂದ, ತಾವಾಗಿಯೇ ಮಾಡಿದರು. ಆದುದರಿಂದ ಈ ಚರ್ಚೆಯನ್ನು ವ್ಯರ್ಥವೆಂದು ತಳ್ಳುವುದು ಅನ್ಯಾಯ. ಪ್ರೀತಿಯು ಪರೀಕ್ಷಕನ ಕಣ್ಣನ್ನು ತೆರೆಯಿಸುವ ಬಗೆಯೂ ಒಂದುಂಟು. ಕಾಯುವವರಿಗೆ ಕಲ್ಪಿಸುವ ಹಕ್ಕಿದೆಯೆಂದು ಇಷ್ಟರಿಂದ ಸಿದ್ಧವಾಯಿತು.

ಇನ್ನು ಎರಡನೆಯ ಪ್ರಶ್ನೆ. ಕಲ್ಪಿಸಿದುದನ್ನು ಕೊಡೆಂದು ಕೇಳುವ ಹಕ್ಕುಂಟೆ? ‘ಓದುಗನಿಲ್ಲದೆ ಕೃತಿಗೆ ಬಾಳಿಲ್ಲ, ಬಾಳು ಕೊಟ್ಟವನ ಮಾತಿಗೆ ಬೆಲೆಯಿಲ್ಲವೆ?’ ಎಂದು ಕೇಳುವವರ ಪಕ್ಷಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿಲ್ಲದೆ ಇಲ್ಲ. ಆರ್ಥರ್ ಕಾನನ್ ಡಾಯಲನು ಪತ್ತೇದಾರ ಷೆರ್ಲಾಕ್ ಹೋಮ್ಸನಿಂದ ಬೇಸತ್ತು, ೧೮೯೩ರಲ್ಲಿ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಮುಳುಗಿಸಿದನು. ಓದುಗರು ಒಪ್ಪಲಿಲ್ಲ. ೧೯೦೧ರಲ್ಲಿ ಹಿಂದಿನ ಕಾಲದ ಕಥೆಯೆಂಬ ನೆಪದಿಂದ ಒಮ್ಮೆ ಹೊರಬಂದ ಹೋಮ್ಸನು, ೧೯೦೩ರಲ್ಲಿ ತಾನು ಸತ್ತೇ ಇರಲಿಲ್ಲವೆಂದು ಹೇಳಿಕೊಂಡು ಹಿಂದಿರುಗಿದನು. ಬಾಣಭಟ್ಟನು ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡಾಗ, ಅದನ್ನು ಮುಗಿಸಿದ ಅವನ ಮಗನು ಕೊಟ್ಟ ಕಾರಣ ಇನ್ನೂ ಮನೋಹರವಾದುದು: ಕಥೆ ನಿಂತುಹೋಯಿತೆಂದು ಸಜ್ಜನರು ಪಡುತ್ತಿದ್ದ ದುಃಖವನ್ನು ನೋಡಲಾರದೆ ತೊಡಗಿದೆನೇ ಹೊರತು ಕವಿಯೆಂಬ ಗರ್ವದಿಂದಲ್ಲ ಎನ್ನುತ್ತಾನೆ ಅವನು. ಕನ್ನಡದಲ್ಲಿಯೂ ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಮುಂದುವರಿಸಿದನು. ಕಾಯುವವರ ಹಸಿವೆಗೆ ಬೆಲೆಯುಂಟೆಂಬುದಕ್ಕೆ ಇವು ಸಾಲದೆ?

ಸಾಕು; ಆದರೆ ಇದಕ್ಕೆ ಪ್ರತಿಯಾದ ಸಾಕ್ಷಿಯೂ ಒಂದುಂಟು. ಸೆರ್ವಾಂಟಿಸನ ಡಾನ್ ಕ್ವಿಕ್ಸಟನ ಮೊದಲನೆಯ ಭಾಗ ಹೊರಟುದು ೧೬೦೫ರಲ್ಲಿ. ಎರಡನೆಯ ಭಾಗಕ್ಕಾಗಿ ಜನ ಕಾದರು. ಕಾಯಿಸಿದುದು ಅತಿಯಾಯಿತೆಂದು ತೋರಿತೋ, ಅದರ ಲಾಭದ ಮೇಲೆ ಕಣ್ಣುಬಿತ್ತೋ, ೧೬೧೪ರಲ್ಲಿ ಬೇರೊಬ್ಬನು ಸುಳ್ಳು ಹೆಸರಿನ ಮರೆಯಲ್ಲಿ ನಿಂತು ಎರಡನೆಯ ಭಾಗವನ್ನು ಅಚ್ಚುಹಾಕಿಸಿದನು. ಮುನ್ನುಡಿಯಲ್ಲಿ ಮುದಿ ಕವಿಯನ್ನು ಹಳಿದನು. ಮರುವರ್ಷವೇ ಸೆರ್ವಾಂಟಿಸನ ನಿಜವಾದ ಎರಡನೆಯ ಭಾಗ ಬಂದಿತು. ಅದರಲ್ಲಿ ಕ್ವಿಕ್ಸಟನು ತನ್ನನ್ನು ಕುರಿತ ಸುಳ್ಳುಪುಸ್ತಕದ ವಿಷಯವನ್ನು ಕೇಳಿ, ಅದನ್ನು ಸುಳ್ಳುಮಾಡುವುದಕ್ಕಾಗಿಯೇ ತಾನು ಹೋಗಬೇಕಾಗಿದ್ದ ಊರಿನ ದಾರಿಯನ್ನು ಬಿಟ್ಟು ಬಾರ್ಸಲೋನಕ್ಕೆ ಹೊರಡುತ್ತಾನೆ. ಕೊನೆಯಲ್ಲಿ ಕವಿಯು ಅವನ ಮರಣವನ್ನೂ ಬರೆದು, ಬೇರೆಯವರು ಅವನನ್ನು ಎಬ್ಬಿಸದಂತೆ ಬಾಗಿಲನ್ನು ಮುಚ್ಚಿದನು. ಬಾಣನ ಮಗನಿಗೂ ಈ ಸ್ಪೇನಿನ ಅನಾಮಧೇಯನಿಗೂ ಇರುವ ಅಂತರವೇ ಪ್ರಶ್ನೆಯ ತಿರುಳು. ಒಬ್ಬನು ಕೃತಿಗೆ ಸೇವೆ ಸಲ್ಲಿಸಿದನು. ಮತ್ತೊಬ್ಬನು ಕೃತಿಯನ್ನು ವಶಪಡಿಸಿಕೊಳ್ಳಲು ಬಂದನು. ಹಸಿವೆ ಇಬ್ಬರಲ್ಲಿಯೂ ಇದ್ದಿರಬಹುದು; ವಿನಯ ಇದ್ದುದು ಒಬ್ಬನಲ್ಲಿಯೇ.

ಅಭಿಮಾನಿಯ ಹಕ್ಕುಗಳನ್ನು ಹೀಗೆ ಮೂರಾಗಿ ವಿಂಗಡಿಸಬಹುದು: ಕಲ್ಪಿಸುವ ಹಕ್ಕು, ತೀರ್ಪು ಹೇಳುವ ಹಕ್ಕು, ಒಡೆತನದ ಹಕ್ಕು. ಮೊದಲನೆಯದು ಪೂರ್ಣವಾಗಿ ಅವನದು. ಎರಡನೆಯದೂ ಅವನದೇ, ಆದರೆ ಅದು ಕೃತಿಯನ್ನು ಕಂಡಮೇಲೆ ಮಾತ್ರ ಕೈಗೆ ಬರತಕ್ಕದ್ದು. ಮೂರನೆಯದು ಅವನದಲ್ಲ. ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ಮೊದಲನೆಯ ಹಕ್ಕಿನ ಬಲದಿಂದ ಮೂರನೆಯದನ್ನು ಬಯಸುವುದು. ಅದು ಸಿಕ್ಕದಿದ್ದಾಗ ಎರಡನೆಯದನ್ನು ಹೊತ್ತಿಗೆ ಮುಂಚೆಯೇ ಬಳಸಿಕೊಳ್ಳುವುದು.

ಹೊತ್ತಿಗೆ ಮುಂಚೆ ಹೇಳಿದ ತೀರ್ಪಿನ ಅನ್ಯಾಯ ಎಂತಹುದೆಂಬುದಕ್ಕೆ ಇದೇ ಮಾಲೆಯ ಐದನೆಯ ಚಿತ್ರವು ದೃಷ್ಟಾಂತವಾಗಿದೆ. ಜೇಮ್ಸ್ ಮ್ಯಾನ್‌ಗೋಲ್ಡ್ ಅವರು ನಿರ್ದೇಶಿಸಿದ ‘ಡಯಲ್ ಆಫ್ ಡೆಸ್ಟಿನಿ’ ೨೦೨೩ರ ಜೂನ್ ತಿಂಗಳ ಕೊನೆಯಲ್ಲಿ ತೆರೆಕಂಡಿತು. ಆಗ ಫೋರ್ಡ್ ಅವರಿಗೆ ೮೦ ವರ್ಷ. ಅದಕ್ಕೆ ತಿಂಗಳುಗಳ ಮುಂಚೆಯೇ ಒಂದು ವದಂತಿ ಹಬ್ಬಿತ್ತು: ಕಥೆಯಲ್ಲಿ ಕಾಲವನ್ನು ದಾಟುವ ಪ್ರಯಾಣವುಂಟಂತೆ, ಅದರಿಂದ ವೃದ್ಧನಾಯಕನು ಇಲ್ಲವಾಗಿ, ಅವನ ಸ್ಥಾನಕ್ಕೆ ಹೆಲೆನಾ ಎಂಬ ತರುಣಿ ಬರುವಳಂತೆ. ನಿರ್ದೇಶಕರು ೨೦೨೨ರಲ್ಲಿ ಇದನ್ನು ಬಹಿರಂಗವಾಗಿ ಅಲ್ಲಗಳೆದರು. ಆದರೂ ನಂಬಿದವರು ಬಿಡಲಿಲ್ಲ. ಕಾಣದ ಚಿತ್ರದ ಮೇಲೆ ಕೋಪವನ್ನು ಕೂಡಿಡುತ್ತ ಹೋದರು. ಚಿತ್ರ ಬಂದಾಗ ಕಂಡುದೇನು? ಕಾಲಯಾನವೇನೋ ಇತ್ತು. ಜೋನ್ಸನು ಕ್ರಿಸ್ತಪೂರ್ವ ೨೧೨ರ ಸೈರಕ್ಯೂಸ್ ನಗರದ ಮುತ್ತಿಗೆಯ ನಡುವೆ ಬಂದು ಬೀಳುತ್ತಾನೆ. ಆರ್ಕಿಮಿಡೀಸನನ್ನು ಕಣ್ಣಾರೆ ಕಾಣುತ್ತಾನೆ. ಗಾಯಗೊಂಡು, ಮಗನನ್ನು ಯುದ್ಧದಲ್ಲಿ ಕಳೆದುಕೊಂಡು, ಬಾಳಿನಲ್ಲಿ ಬೇರೇನೂ ಉಳಿಯದ ಆ ಮುದುಕನು, ಜೀವಮಾನವೆಲ್ಲ ಓದಿದ ಆ ಪ್ರಾಚೀನಕಾಲದಲ್ಲಿಯೇ ಸಾಯುವೆನೆಂದು ಹಟಹಿಡಿಯುತ್ತಾನೆ. ಅವನನ್ನು ಅಲ್ಲಿರಗೊಡದೆ, ಗುದ್ದಿ ಮೂರ್ಛೆಗೊಳಿಸಿ, ಮನೆಗೆ ಕರೆತರುವವಳು ಆ ಹೆಲೆನಾ. ನಾಯಕನನ್ನು ಅಳಿಸಿಹಾಕುವವಳೆಂದು ಯಾರನ್ನು ದೂರಿದ್ದರೋ ಅವಳೇ ಅವನನ್ನು ಉಳಿಸಿದವಳು. ಆ ಚಿತ್ರ ಉತ್ತಮವೋ ಸಾಧಾರಣವೋ ಎಂಬುದು ಬೇರೆ ಮಾತು. ಆದರೆ ಮನಸ್ಸಿನಲ್ಲಿ ಒಂದು ಸುಳ್ಳನ್ನು ತುಂಬಿಕೊಂಡು ಒಳಹೊಕ್ಕವನಿಗೆ ಆ ಕಡೆಯ ದೃಶ್ಯದ ಕರುಣವು ಮುಟ್ಟುವುದು ಕಷ್ಟ. ವದಂತಿಯು ಕೆಡಿಸಿದುದು ಚಿತ್ರವನ್ನಲ್ಲ, ನೋಡುವವನ ಹೃದಯವನ್ನು. ಸಹೃದಯನೆಂಬ ಮಾತಿನಲ್ಲಿ ಹೃದಯವನ್ನು ತೆರವಾಗಿಟ್ಟುಕೊಂಡು ಕುಳಿತಿರುವುದೂ ಸೇರಿದೆ.

ಇನ್ನೊಂದು ಅನ್ಯಾಯವು ಇದಕ್ಕಿಂತ ಸೂಕ್ಷ್ಮವಾದುದು. ಕಲ್ಪಿಸಿದ ಚಿತ್ರಕ್ಕೆ ವೆಚ್ಚವಿಲ್ಲ. ಅದರಲ್ಲಿ ನಟನಿಗೆ ಮುಪ್ಪಿಲ್ಲ. ಯಾವ ದೃಶ್ಯವೂ ಉದ್ದವಾಗುವುದಿಲ್ಲ. ಎಲ್ಲಿ ಮಸಕಾದರೂ ಮನಸ್ಸು ಅದನ್ನು ಹಾರಿಸಿ ಮುಂದಕ್ಕೆ ಹೋಗುತ್ತದೆ. ಅದರೊಡನೆ ನಿಜವಾದ ಚಿತ್ರವನ್ನು ಹೋರಾಟಕ್ಕೆ ನಿಲ್ಲಿಸಿದರೆ ಗೆಲ್ಲುವುದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ೨೦೦೮ರ ಚಿತ್ರದಲ್ಲಿ ಜೋನ್ಸನು ಶೀತಕದ ಪೆಟ್ಟಿಗೆಯೊಳಗೆ ಅವಿತು ಅಣುಬಾಂಬಿನ ಸ್ಫೋಟದಿಂದ ಪಾರಾಗುವ ದೃಶ್ಯವನ್ನು ಜನ ಎಷ್ಟು ಹಾಸ್ಯಮಾಡಿದರೆಂದರೆ, ಅತಿರೇಕಕ್ಕೆ ಇಂಗ್ಲಿಷಿನಲ್ಲಿ ಅದೇ ಒಂದು ನಾಣ್ನುಡಿಯಾಯಿತು. ಡ್ಯಾರಬಾಂಟ್ ಅವರ ಚಿತ್ರಕಥೆಯನ್ನು ಕೈಬಿಟ್ಟುದೇ ಅನರ್ಥಕ್ಕೆ ಮೂಲವೆಂದು ಹಲವರು ಮರುಗಿದರು. ಆದರೆ ಆ ಹಸ್ತಪ್ರತಿ ಹೊರಬಿದ್ದಾಗ ನೋಡಿದರೆ, ಶೀತಕದ ಪೆಟ್ಟಿಗೆ ಅದರಲ್ಲಿಯೂ ಇತ್ತು! ಓದುವಾಗ ಸಹಿಸಿದುದನ್ನು ನೋಡುವಾಗ ಸಹಿಸಲಾಗಲಿಲ್ಲ. ಆಗದೆ ಹೋದ ಕೃತಿಯ ದೋಷಗಳಿಗೆ ಸಾಕ್ಷಿಯಿಲ್ಲದುದರಿಂದ ಅದು ನಿರ್ದೋಷವೆಂದು ತೋರುತ್ತದೆ. ಮನುಷ್ಯರು ಹಿಡಿಯದೆ ಬಿಟ್ಟ ದಾರಿಗಳನ್ನು ನೆನೆದು ನಿಟ್ಟುಸಿರುಬಿಡುವುದೂ ಈ ಭ್ರಾಂತಿಯಿಂದಲೇ.

ಈ ವಿವಾದಗಳಲ್ಲಿ ಮೂರನೆಯವನೊಬ್ಬನು ಸಾಮಾನ್ಯವಾಗಿ ಮರೆತುಹೋಗುತ್ತಾನೆ. ಮುಂದಿನ ನಿಧಿ ಯಾವುದು ಎಂದು ಕೇಳುವವರು ಬಹುಮಂದಿ. ಆ ನಿಧಿ ಯಾರದು ಎಂದು ಕೇಳುವವರು ಕಡಮೆ. ‘ಟೆಂಪಲ್ ಆಫ್ ಡೂಮ್’ ಚಿತ್ರದ ಕಥೆ ನಡೆಯುವುದು ಭಾರತದಲ್ಲಿ. ಚಿತ್ರಕಥೆಯಲ್ಲಿ ಈ ದೇಶದ ಜನರನ್ನೂ ಉಪಾಸನೆಯನ್ನೂ ಚಿತ್ರಿಸಿದ ಬಗೆ ಭಾರತಸರ್ಕಾರಕ್ಕೆ ಒಪ್ಪಿಗೆಯಾಗದೆ ಹೋದುದರಿಂದ ಅದನ್ನು ಶ್ರೀಲಂಕೆಯಲ್ಲಿ ತೆಗೆಯಬೇಕಾಯಿತು. ಕಾಳಿಯ ಹೆಸರಿನಲ್ಲಿ ನರಬಲಿ ಕೊಡುವ ಪೂಜಾರಿಯ ಪಾತ್ರವನ್ನು ಅಮರೀಶ್ ಪುರಿ ಅವರು ವಹಿಸಿದರು. ಅರಮನೆಯ ಔತಣದಲ್ಲಿ ಹಾವುಗಳನ್ನೂ ಕೋತಿಯ ಮಿದುಳನ್ನೂ ಬಡಿಸುವ ದೃಶ್ಯವನ್ನು ಕಂಡ ಭಾರತೀಯನಿಗೆ, ತನ್ನ ಮನೆಯನ್ನು ಪರಿಚಯವಿಲ್ಲದವನು ವರ್ಣಿಸುವುದನ್ನು ಕೇಳಿದಂತಾಗುವುದು ಸಹಜ. ನಾಲ್ಕನೆಯ ಚಿತ್ರದ ಸ್ಫಟಿಕಕಪಾಲದ ವಿಷಯದಲ್ಲಿಯೂ ಒಂದು ಪಾಠವುಂಟು. ಅಂತಹ ಕಪಾಲಗಳು ಮೆಕ್ಸಿಕೋದೇಶದ ಪ್ರಾಚೀನರ ಕೃತಿಗಳೆಂದು ಬಹುಕಾಲ ನಂಬಲಾಗಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮು ೧೮೯೭ರಲ್ಲಿ ಕೊಂಡುಕೊಂಡ ಕಪಾಲವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ, ಆ ಪ್ರಾಚೀನರಿಗೆ ತಿಳಿಯದಿದ್ದ ತಿರುಗುವ ಚಕ್ರದಿಂದ ಕೊರೆದ ಗುರುತುಗಳು ಅದರ ಮೇಲೆ ಕಂಡುವು. ಅದು ೧೯ನೆಯ ಶತಮಾನದ ಕೆಲಸವೆಂದು ಗೊತ್ತಾಯಿತು. ಬಯಕೆ ಬಲವಾಗಿದ್ದಲ್ಲಿ ಬೇಕಾದ ಪ್ರಾಚೀನತೆಯನ್ನೂ ಮಾಡಿಕೊಡುವವರು ಹುಟ್ಟಿಕೊಳ್ಳುತ್ತಾರೆ. ಕಥೆಗೆ ಕಾಯುವವನು ತನ್ನ ಬಯಕೆಗಾಗಿ ಯಾರ ದೇವರು, ಯಾರ ಪೂರ್ವಿಕರು ಆಟದ ವಸ್ತುವಾಗುವರೆಂದು ಒಮ್ಮೆ ಯೋಚಿಸುವುದು ಔಚಿತ್ಯವಿಚಾರದ ಹೊರಗಿನ ಮಾತಲ್ಲ. ಸ್ಪೀಲ್‌ಬರ್ಗ್ ಅವರೇ ೧೯೯೩ರಲ್ಲಿ ಯೆಹೂದ್ಯರ ಹತ್ಯಾಕಾಂಡವನ್ನು ಕುರಿತು ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನು ತೆಗೆದಮೇಲೆ, ನಾಟ್ಸಿಗಳನ್ನು ಮತ್ತೆ ವಿನೋದದ ಖಳರನ್ನಾಗಿ ಮಾಡಲು ಮನಸ್ಸೊಪ್ಪದೆಂದರು. ಹಳೆಯ ಖಳರೇ ಬೇಕೆಂದು ಬಯಸಿದವರಿಗೆ ಇದು ಕೊರತೆಯೆನಿಸಿರಬಹುದು. ಆದರೆ ಕಲಾವಿದನ ಅಂತರಾತ್ಮಕ್ಕೆ ಅಭಿಮಾನಿಯ ಬಯಕೆಗಿಂತ ಹಿರಿಯ ಋಣಗಳುಂಟು.

ಹಾಗಾದರೆ ಕಲಾವಿದನು ಯಾರ ಮಾತನ್ನೂ ಕೇಳಬೇಕಾಗಿಲ್ಲವೆ? ಕೇಳಬೇಕು, ವೈದ್ಯನು ರೋಗಿಯ ಮಾತನ್ನು ಕೇಳುವಂತೆ ಕೇಳಬೇಕು. ನೋವು ಎಲ್ಲಿದೆಯೆಂಬುದನ್ನು ರೋಗಿಯಷ್ಟು ಬಲ್ಲವರು ಇಲ್ಲ. ಆದರೆ ರೋಗಿ ಹೇಳಿದ ಮದ್ದನ್ನೇ ಅರೆದುಕೊಡುವವನು ವೈದ್ಯನಾಗುವುದಿಲ್ಲ. ನಾಲ್ಕನೆಯ ಚಿತ್ರದಲ್ಲಿ ಕಾಣಿಸಿದ ನಾಯಕನ ಮಗನು ಬಹುಮಂದಿಗೆ ರುಚಿಸಲಿಲ್ಲ. ಐದನೆಯದರಲ್ಲಿ ಆ ಮಗನು ವಿಯೆಟ್ನಾಮಿನ ಯುದ್ಧದಲ್ಲಿ ಮಡಿದಿದ್ದಾನೆ. ಇದನ್ನು ಜನದ ಅರುಚಿಗೆ ತೆತ್ತ ಕಪ್ಪವೆಂದು ಹೇಳಿಬಿಡುವುದು ಸುಲಭ. ಆದರೆ ಕಥೆಯಲ್ಲಿ ಆ ಮರಣವು ತಂದೆಯ ಎದೆಯಲ್ಲಿ ಮಾಯದ ಗಾಯವಾಗಿ ನಿಂತಿದೆ; ಅವನ ದಾಂಪತ್ಯವನ್ನು ಮುರಿದಿದೆ; ಕಾಲದಲ್ಲಿ ಹಿಂದಕ್ಕೆ ಹೋಗಬಹುದಾದರೆ ಏನು ಮಾಡುವೆಯೆಂದು ಕೇಳಿದಾಗ ಅವನ ಉತ್ತರವಾಗಿ ಬಂದಿದೆ. ಜನ ಬೇಡವೆಂದುದನ್ನು ತೆಗೆದುಹಾಕುವುದು ಒಂದು. ತೆಗೆದುದರ ಬೆಲೆಯನ್ನು ಕಥೆಯೊಳಗೆ ಪೂರ್ತಿಯಾಗಿ ತೆರುವುದು ಮತ್ತೊಂದು. ಎರಡನೆಯದನ್ನು ಮಾಡುವಷ್ಟು ಮಟ್ಟಿಗೆ ಕಲಾವಿದನು ಸ್ವತಂತ್ರನಾಗಿ ಉಳಿಯುತ್ತಾನೆ.

ಕಡೆಗೆ, ಕಾಯುವವರ ಧರ್ಮವಾವುದೆಂಬ ಪ್ರಶ್ನೆಗೆ ಉತ್ತರವನ್ನು ಬಹುದೂರ ಅರಸಬೇಕಾಗಿಲ್ಲ. ಅವರು ಮೆಚ್ಚಿದ ಕಥೆಗಳಲ್ಲಿಯೇ ಅದು ಇದೆ. ಜೋನ್ಸನು ಪ್ರಾಣವನ್ನು ಪಣವಾಗಿಟ್ಟು ಅರಸಿದ ವಸ್ತುಗಳಲ್ಲಿ ಯಾವುದೂ ಅವನ ಕೈಯಲ್ಲಿ ಉಳಿಯುವುದಿಲ್ಲ. ಮಂಜೂಷವು ಸರ್ಕಾರದ ಉಗ್ರಾಣವೊಂದರಲ್ಲಿ ಸಾವಿರಾರು ಪೆಟ್ಟಿಗೆಗಳ ನಡುವೆ ಮರೆಯಾಗುತ್ತದೆ. ದಿವ್ಯಶಿಲೆಯನ್ನು ಅವನು ಹಳ್ಳಿಯ ಜನರಿಗೆ ಹಿಂದಿರುಗಿಸುತ್ತಾನೆ. ಪಾನಪಾತ್ರೆ ಬಿರುಕಿನ ಅಂಚಿನಲ್ಲಿ ಬೆರಳಿಗೆ ಎಟುಕುವಷ್ಟು ಹತ್ತಿರದಲ್ಲಿರುವಾಗ, ಬಿಟ್ಟುಬಿಡೆಂಬ ತಂದೆಯ ಮಾತಿಗೆ ಓಗೊಟ್ಟು ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ಬಿಡಲಾರದೆ ಕೈಚಾಚಿದ ಹೆಂಗಸು ಆಗತಾನೆ ಪಾತಾಳಕ್ಕೆ ಬಿದ್ದಿರುತ್ತಾಳೆ. ಅರಸುವುದಕ್ಕೆ ಅಡ್ಡಿಯಿಲ್ಲ, ಹಿಡಿದಿಟ್ಟುಕೊಳ್ಳುವುದಕ್ಕೆ ಅಧಿಕಾರವಿಲ್ಲ ಎಂಬುದು ಆ ಕಥೆಗಳ ನೀತಿ. ಅದನ್ನು ಹತ್ತಾರು ಸಲ ನೋಡಿ ಮೆಚ್ಚಿದವರಿಂದ, ಕಥೆಯ ವಿಷಯದಲ್ಲಿಯೂ ಅದೇ ನಡತೆಯನ್ನು ನಿರೀಕ್ಷಿಸುವುದು ಅತಿಯಾಗಲಾರದು. ತಿಥಿ ಗೊತ್ತಿಲ್ಲದೆ ಬರುವವನನ್ನು ಹಿಂದಿನವರು ಅತಿಥಿಯೆಂದರು. ಬರುವವನಿಗಾಗಿ ಮನೆಯನ್ನು ಗುಡಿಸಿ, ದೀಪ ಹಚ್ಚಿ, ಅವನು ಎಂತಹವನಿರಬಹುದೆಂದು ಮನೆಮಂದಿಯೆಲ್ಲ ಮಾತನಾಡಿಕೊಳ್ಳುವುದು ಸಂತೋಷದ ವಿಷಯ. ಬಂದವನ ಮುಖ ತಾವು ಊಹಿಸಿದಂತೆ ಇಲ್ಲವೆಂದು ಬಾಗಿಲಿನಲ್ಲಿಯೇ ಜಗಳಕ್ಕೆ ನಿಲ್ಲದೆ, ಅವನನ್ನು ಒಳಕ್ಕೆ ಕರೆದು, ಅವನ ಮಾತನ್ನು ಕಡೆಯವರೆಗೂ ಕೇಳಿ, ಆಮೇಲೆ ಮೆಚ್ಚುವುದೋ ಬಿಡುವುದೋ ಗೃಹಸ್ಥನಿಗೆ ಬಿಟ್ಟದ್ದು.